ಹಾಸ್ಟೆಲ್ ಬಾಗಿಲು ದಾಟದ ಕ್ಯಾಂಪಸ್ ದರ್ಶನ

ನಮ್ಮ ಸರ್ಕಾರಿ ಪ್ರೌಢಶಾಲೆಗಳ ಪ್ರವಾಸದ ಪಟ್ಟಿ ಬಹುಕಾಲದಿಂದ ಅಷ್ಟಾಗಿ ಬದಲಾಗಿಲ್ಲ. ಡಿಸೆಂಬರ್ ಬಂತೆಂದರೆ ಗೋಳಗುಮ್ಮಟ, ಹಂಪಿ, ಜೋಗ, ಮೈಸೂರಿನ ಮೃಗಾಲಯ. ಸರ್ಕಾರದ ಖರ್ಚಿನಲ್ಲಿ ಹೋಗುವ ಮಕ್ಕಳಿಗೆ ‘ಚಿಣ್ಣರ ಕರ್ನಾಟಕ ದರ್ಶನ’. ಈ ಪಟ್ಟಿಯ ಪಕ್ಕಕ್ಕೆ ಈಚೆಗೆ ಇನ್ನೊಂದು ಬಗೆಯ ಪ್ರವಾಸ ಬಂದು ಸೇರಿದೆ. ಎಂಟು, ಒಂಬತ್ತು, ಹತ್ತನೇ ತರಗತಿಯ ಹುಡುಗಿಯರನ್ನಷ್ಟೇ ಗುಂಪು ಮಾಡಿ, ಒಂದು ದಿನದ ಮಟ್ಟಿಗೆ ಕಾಲೇಜು, ವಿಶ್ವವಿದ್ಯಾಲಯಗಳನ್ನು ತೋರಿಸಿಕೊಂಡು ಬರುವುದು. ಕೆಲವು ಕಡೆ ಶಾಲೆಯೇ ಮುಂದಾಗುತ್ತದೆ. ಕೆಲವು ಕಡೆ ಸ್ವಯಂಸೇವಾ ಸಂಸ್ಥೆ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಇಲ್ಲವೇ ಬಸ್ಸಿನ ಬಾಡಿಗೆ ಕೊಡುವ ಊರಿನ ದಾನಿ.

ಈ ಪದ್ಧತಿ ಬೇಕು, ಈಗ ಇರುವುದಕ್ಕಿಂತ ಹೆಚ್ಚು ಬೇಕು ಎಂದು ನಂಬಿದವಳು ನಾನು. ಅದಕ್ಕಾಗಿಯೇ ಅದರ ಬಗ್ಗೆ ಕಟುವಾಗಿ ಬರೆಯಬೇಕಾಗಿದೆ. ಈಗ ಅದು ನಡೆಯುವ ರೀತಿಯಲ್ಲಿ ಹುಡುಗಿಗೆ ಕಟ್ಟಡ ಕಾಣುತ್ತದೆ, ಯಂತ್ರ ಕಾಣುತ್ತದೆ, ವೇದಿಕೆಯ ಮೇಲಿನವರು ಕಾಣುತ್ತಾರೆ. ಆದರೆ ಸಂಜೆ ಮನೆಗೆ ಬಂದಾಗ ಅಪ್ಪ ಕೇಳುವುದು ಬೇರೆ: ಅಷ್ಟು ದೂರ ಎಲ್ಲಿ ಇರುತ್ತೀ, ಯಾರ ಜೊತೆ ಇರುತ್ತೀ, ಖರ್ಚು ಎಷ್ಟು ಬರುತ್ತದೆ? ಈ ಮೂರಕ್ಕೂ ಅವಳ ಹತ್ತಿರ ಉತ್ತರ ಇರುವುದಿಲ್ಲ. ಇಡೀ ದಿನ ಕಾಲೇಜಿನಲ್ಲಿ ಕಳೆದು ಬಂದ ಹುಡುಗಿಗೆ ಇಷ್ಟನ್ನೂ ತಿಳಿಸದ ಪ್ರವಾಸವನ್ನು ಯಶಸ್ವಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಓದಿನಲ್ಲಿ ಹಿಂದೆ ಬಿದ್ದವರನ್ನು ಮೇಲೆತ್ತಲು ಈ ಪ್ರವಾಸ ಎಂದುಕೊಂಡವರಿದ್ದಾರೆ. ಆದರೆ ಹುಡುಗಿಯರು ಓದಿನಲ್ಲಿ ಹಿಂದೆ ಬಿದ್ದವರಲ್ಲ. 2024ರ ಎಸ್ಎಸ್ಎಲ್‌ಸಿ ಪರೀಕ್ಷೆ-1ರಲ್ಲಿ ರಾಜ್ಯದ ಹುಡುಗಿಯರ ತೇರ್ಗಡೆ ಶೇ 81.11, ಹುಡುಗರದು ಶೇ 65.90. ಹುಡುಗಿಯರು ಮುಂದಿರುವುದು ಆ ಒಂದು ವರ್ಷದ ಸುದ್ದಿಯಲ್ಲ. ಫಲಿತಾಂಶ ಬಂದ ಮರುದಿನ ಪತ್ರಿಕೆಗಳು ಪ್ರತಿವರ್ಷ ಬರೆಯುವ ಮಾತು ಇದು. ತೊಡಕು ಶುರುವಾಗುವುದು ಅಂಕಪಟ್ಟಿ ಕೈಗೆ ಬಂದ ಮೇಲೆ. ಹೋಬಳಿ ಊರಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇದ್ದರೆ ಅವಳು ಕಲಾ ವಿಭಾಗದ ವಿದ್ಯಾರ್ಥಿನಿ. ವಿಜ್ಞಾನಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಪಟ್ಟಣಕ್ಕೆ ಹೋಗಬೇಕು. ಅದೇ ಮನೆಯ ಹುಡುಗ ಹೋಗುತ್ತಾನೆ. ಅವಳ ಮುಂದಿನ ದಾರಿಯನ್ನು ಊರಿನ ಬಸ್ ವೇಳಾಪಟ್ಟಿ ತೀರ್ಮಾನಿಸುತ್ತದೆ.

ಇಂಥ ಕಡೆ ಕಣ್ಣಾರೆ ನೋಡುವುದಕ್ಕೆ ಬೆಲೆಯಿದೆ. ವಿಶ್ವವಿದ್ಯಾಲಯ ಎಂಬುದು ಪತ್ರಿಕೆಯಲ್ಲಿ ಓದುವ ಹೆಸರಾಗಿದ್ದವಳಿಗೆ ಅದರ ಗೇಟಿನೊಳಗೆ ತನ್ನ ವಯಸ್ಸಿಗಿಂತ ಮೂರು ನಾಲ್ಕು ವರ್ಷ ದೊಡ್ಡವರಾದ ಹುಡುಗಿಯರು ಬ್ಯಾಗು ಹಾಕಿಕೊಂಡು, ಮಾತಾಡಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಓಡಾಡುವುದು ಕಂಡರೆ ಮನಸ್ಸಿನೊಳಗೆ ಏನೋ ಒಂದು ಕದಲುತ್ತದೆ. ಎಷ್ಟೋ ಮಕ್ಕಳು ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಲು ನಿಂತುಬಿಡುತ್ತಾರೆ. ಹಾಕಿಕೊಂಡೇ ಬನ್ನಿ ಎಂದರೂ ಅಳುಕುತ್ತ ಕಾಲಿಡುತ್ತಾರೆ. ಆ ಅಳುಕು ಹೋಗಬೇಕಾದರೆ ಒಮ್ಮೆಯಾದರೂ ಒಳಗೆ ಕಾಲಿಡಲೇಬೇಕು. ಪುಸ್ತಕ, ಭಾಷಣ, ಮೊಬೈಲಿನಲ್ಲಿ ತೋರಿಸುವ ವಿಡಿಯೊ, ಯಾವುದೂ ಈ ಕೆಲಸ ಮಾಡಲಾರದು.

ಆದರೆ ಈ ಪ್ರವಾಸಗಳ ದಿನಚರಿ ಸಾಮಾನ್ಯವಾಗಿ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಆರಕ್ಕೆ ಶಾಲೆಯ ಮುಂದೆ ಬಾಡಿಗೆ ಬಸ್ಸು. ಹತ್ತು ಗಂಟೆಗೆ ಕಾಲೇಜಿನ ಸಭಾಂಗಣ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಂಶುಪಾಲರ ಮಾತು, ಅತಿಥಿಗಳ ಮಾತು, ಪ್ರಾಯೋಜಕರಿಗೆ ಶಾಲು ಹಾರ, ವಂದನಾರ್ಪಣೆ. ಹನ್ನೆರಡೂವರೆಗೆ ಎರಡು ಸಾಲಿನಲ್ಲಿ ಪ್ರಯೋಗಾಲಯದ ಕಡೆ ನಡಿಗೆ. ಯಾವುದನ್ನೂ ಮುಟ್ಟಬೇಡಿ ಎನ್ನುವ ಎಚ್ಚರಿಕೆ. ಕಂಪ್ಯೂಟರ್ ಕೋಣೆಯನ್ನು ಬಾಗಿಲಿನಿಂದಲೇ ನೋಡುವುದು. ಊಟ. ಮುಖ್ಯ ಕಟ್ಟಡದ ಮೆಟ್ಟಿಲ ಮೇಲೆ ಬ್ಯಾನರ್ ಹಿಡಿದು ಫೋಟೊ. ಸಮಯ ಉಳಿದರೆ ಊರಿನ ಉದ್ಯಾನ ಅಥವಾ ದೇವಸ್ಥಾನ. ಇಷ್ಟು ಹೊತ್ತಿನಲ್ಲಿ ಒಬ್ಬ ಹುಡುಗಿಯಾದರೂ ಬಾಯಿ ತೆರೆದು ಮಾತಾಡಿದ್ದರೆ ಅದು ಬಹುಶಃ ಪ್ರಾರ್ಥನೆ ಹಾಡಿದವಳು.

‘ಪ್ರಶ್ನೆಗಳಿದ್ದರೆ ಕೇಳಿ’ ಎಂದು ವೇದಿಕೆಯಿಂದ ಹೇಳುತ್ತಾರೆ, ನಿಜ. ನೂರು ಜನ ಕುಳಿತ ಸಭೆಯಲ್ಲಿ, ಮೈಕು ಹಿಡಿದ ಅಪರಿಚಿತ ಗಂಡಸಿನ ಎದುರು, ಹದಿನಾಲ್ಕು ವರ್ಷದ ಹುಡುಗಿ ಎದ್ದು ನಿಂತು ಏನು ಕೇಳಿಯಾಳು? ಶಿಕ್ಷಕರು ಮೊದಲೇ ಬರೆದುಕೊಟ್ಟ ಪ್ರಶ್ನೆಯನ್ನು ಯಾರಾದರೊಬ್ಬಳು ಓದುತ್ತಾಳೆ: ‘ಸರ್, ಐಎಎಸ್ ಮಾಡಬೇಕಾದರೆ ಏನು ಓದಬೇಕು?’ ಚಪ್ಪಾಳೆ ಬೀಳುತ್ತದೆ. ಅವಳು ನಿಜವಾಗಿ ಕೇಳಬೇಕೆಂದಿದ್ದುದು ಹಾಗೇ ಉಳಿಯುತ್ತದೆ.

ಅವರು ನಿಜವಾಗಿ ಕೇಳಬೇಕೆಂದಿರುವುದು ಏನು ಎಂಬುದನ್ನು ನಾನು ಕೇಳಿಸಿಕೊಂಡದ್ದು ಒಂದು ಮಹಿಳಾ ಹಾಸ್ಟೆಲ್‌ನ ಕೋಣೆಯಲ್ಲಿ. ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಬಂದ ತಂಡ ಅದು. ಬಸ್ಸಿನ ಟೈರು ಪಂಕ್ಚರ್ ಆಗಿ ಹೊರಡುವುದು ತಡವಾಯಿತು. ಬಿಸಿಲಲ್ಲಿ ನಿಂತ ಮಕ್ಕಳನ್ನು ಕಂಡು ಬಿ.ಎಸ್ಸಿ ಎರಡನೇ ವರ್ಷದ ಹುಡುಗಿಯೊಬ್ಬಳು ವಾರ್ಡನ್ ಅವರನ್ನು ಕೇಳಿ ಹಾಸ್ಟೆಲ್ಲಿಗೆ ಕರೆದೊಯ್ದಳು. ಅವಳೂ ಅದೇ ತಾಲ್ಲೂಕಿನವಳು. ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚ, ಮಂಚದ ಕೆಳಗೆ ಟ್ರಂಕು, ಬಕೆಟ್ಟಿನ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಒಣಗುವ ಬಟ್ಟೆ. ಬೆಳಿಗ್ಗೆಯಿಂದ ಬಾಯಿ ಬಿಡದಿದ್ದ ಮಕ್ಕಳು ಮಂಚದ ಮೇಲೆ, ನೆಲದ ಮೇಲೆ, ಬಾಗಿಲಲ್ಲಿ ಒತ್ತಿಕೊಂಡು ಕೂತು ಒಂದೇ ಸಮನೆ ಕೇಳತೊಡಗಿದರು.

‘ಅಕ್ಕಾ, ರೊಟ್ಟಿ ದಿನಾ ಇರ್ತಾವೇನ್ರಿ?’

‘ವಾರದಾಗ ಮೂರು ದಿನ ರೊಟ್ಟಿ, ಉಳಿದ ದಿನ ಚಪಾತಿ. ರಾತ್ರಿ ಅನ್ನ ಸಾರು.’

‘ಜ್ವರಾ ಬಂದ್ರ ಯಾರ ನೋಡ್ಕೋತಾರ್ರಿ?’

‘ರೂಮಿನ್ಯಾಗಿನ ಗೆಳತ್ಯಾರು ಇರ್ತಾರಲ್ಲ. ಭಾಳ ಆತಂದ್ರ ವಾರ್ಡನ್ ಮೇಡಂ ದವಾಖಾನಿಗೆ ಕರ್ಕೊಂಡು ಹೋಗ್ತಾರ.’

‘ಮನಿಗೆ ಹೋಗ್ಬೇಕಂದ್ರ ಬಿಡ್ತಾರೇನ್ರಿ?’

‘ಮನಿಯವರು ಫೋನ್ ಮಾಡಿ ಹೇಳಬೇಕು. ರಜಿಸ್ಟರಿನ್ಯಾಗ ಸಹಿ ಮಾಡಿ ಹೋಗೂದು, ಬಂದ ಕೂಡ್ಲೆ ಮತ್ತ ಸಹಿ ಮಾಡೂದು.’

ಒಬ್ಬಳು ದನಿ ತಗ್ಗಿಸಿ, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಎಲ್ಲಿ ಹಾಕುತ್ತೀರಿ ಎಂದು ಕೇಳಿದಳು. ಬಚ್ಚಲ ಸಾಲಿನ ಕೊನೆಯಲ್ಲಿದ್ದ ಮುಚ್ಚಳದ ಡಬ್ಬಿಯನ್ನು ಆ ವಿದ್ಯಾರ್ಥಿನಿ ಎದ್ದು ಹೋಗಿ ತೋರಿಸಿದಳು. ಇನ್ನೊಬ್ಬಳು ಕೇಳಿದ್ದು ಇಂಗ್ಲಿಷಿನ ಬಗ್ಗೆ. ಅದಕ್ಕೆ ಬಂದ ಉತ್ತರವನ್ನು ನಾನು ಎಷ್ಟೋ ಜನ ಅಧ್ಯಾಪಕರಿಗೆ ಹೇಳಿದ್ದೇನೆ: ‘ಮೊದಲ ಮೂರು ತಿಂಗಳು ಏನಂದ್ರ ಏನೂ ತಿಳೀಲಿಲ್ಲ. ಇದ ಮಂಚದ ಮ್ಯಾಲ ಕುಂತು ಅತ್ತೀನಿ. ಆಮ್ಯಾಲ ಡಿಕ್ಷನರಿ ಹಿಡಕೊಂಡು ಒಂದೊಂದ ಪಾಠ ಬಿಡಿಸಿಕೊಂಡೆ. ಈಗ ತಿಳೀತದ. ನಿಮಗೂ ತಿಳೀತದ ತಂಗಿ.’

ಸಭಾಂಗಣದಲ್ಲಿ ಎರಡೂವರೆ ತಾಸು ನಡೆದ ಕಾರ್ಯಕ್ರಮಕ್ಕಿಂತ ಟೈರು ಬದಲಿಸುವಷ್ಟು ಹೊತ್ತಿನಲ್ಲಿ ನಡೆದ ಈ ಮಾತುಕತೆಯಲ್ಲಿ ಅವರಿಗೆ ಹೆಚ್ಚು ಸಿಕ್ಕಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನನ್ನು ಕಾಡುವುದು, ಇದು ಕಾರ್ಯಕ್ರಮದ ಪಟ್ಟಿಯಲ್ಲಿ ಇರಲೇ ಇಲ್ಲ ಎಂಬ ಸಂಗತಿ. ಟೈರು ಗಟ್ಟಿಯಾಗಿದ್ದಿದ್ದರೆ ಆ ಹುಡುಗಿಯರು ಹಾಸ್ಟೆಲ್ ನೋಡದೆಯೇ ಊರಿಗೆ ಮರಳುತ್ತಿದ್ದರು. ಸಂಘಟಕರಿಗೆ ಹಾಸ್ಟೆಲ್ ಎಂದರೆ ಮುಜುಗರದ ಜಾಗ. ಬಟ್ಟೆ ಒಣಹಾಕಿರುತ್ತಾರೆ, ಗೋಡೆಯ ಸುಣ್ಣ ಉದುರಿರುತ್ತದೆ, ಅತಿಥಿಗಳಿಗೆ ತೋರಿಸುವಂತಿರುವುದಿಲ್ಲ. ಆದರೆ ಬಂದವರು ಅತಿಥಿಗಳಲ್ಲ, ನಾಳೆ ಅಲ್ಲಿ ಬಾಳಬೇಕಾದವರು. ಅವರು ನೋಡಬೇಕಾದದ್ದು ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗಿನ ಕಾಲೇಜು.

ಹಾಸ್ಟೆಲ್ ಎಂದಾಕ್ಷಣ ದುಡ್ಡಿನ ಮಾತು ಬರುತ್ತದೆ. ಅದನ್ನು ಅಡಗಿಸಿಡುವುದರಲ್ಲಿ ಅರ್ಥವಿಲ್ಲ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ಮಕ್ಕಳ ಊಟ ವಸತಿಗೆ ನೆರವು ಕೊಡುವ ‘ವಿದ್ಯಾಸಿರಿ’ ಇದೆ. ಸರ್ಕಾರಿ ಶಾಲೆಯಲ್ಲಿ ಹತ್ತನೆಯದನ್ನು, ಸರ್ಕಾರಿ ಕಾಲೇಜಿನಲ್ಲಿ ಪಿಯುಸಿಯನ್ನು ಮುಗಿಸಿ ಪದವಿಗೆ ಅಥವಾ ಡಿಪ್ಲೊಮಾಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತಿದೆ. ಇವುಗಳಲ್ಲಿ ಯಾವುದೂ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ, ಎಸ್‌ಎಸ್‌ಪಿ ಪೋರ್ಟಲ್ಲಿನ ಅರ್ಜಿ, ಕೊನೆಯ ದಿನಾಂಕ, ಇಷ್ಟನ್ನೂ ಯಾರಾದರೂ ಹೇಳಿಕೊಡಬೇಕು. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ರೀತಿ ಬರೆದ ಹೆಸರಿನಿಂದಾಗಿ ಅರ್ಜಿಗಳು ಸಿಕ್ಕಿಕೊಳ್ಳುವುದು ಕಾಲೇಜು ಕಚೇರಿಯ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ಅವರನ್ನು ಅರ್ಧ ತಾಸು ಈ ಮಕ್ಕಳ ಮುಂದೆ ಕೂರಿಸಿದರೆ ಅತಿಥಿ ಭಾಷಣಕ್ಕಿಂತ ಹೆಚ್ಚು ಉಪಕಾರವಾದೀತು. ಒಂಬತ್ತನೇ ತರಗತಿಯಲ್ಲೇ ಗೊತ್ತಾದರೆ ಹೆಸರು ತಿದ್ದಿಸಲು ಸಮಯವೂ ಇರುತ್ತದೆ.

ಒಂಬತ್ತನೇ ತರಗತಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಬಹಳಷ್ಟು ತಂಡಗಳು ಹೋಗುವುದು ಹತ್ತನೆಯ ತರಗತಿಯ ಜನವರಿಯಲ್ಲಿ, ಪರೀಕ್ಷೆಯ ಭಯ ತಲೆಯ ಮೇಲೆ ಕೂತಿರುವಾಗ. ಆಗ ಮಕ್ಕಳ ಮನಸ್ಸು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇರುತ್ತದೆ, ಶಿಕ್ಷಕರ ಮನಸ್ಸು ಶೇಕಡಾವಾರು ಫಲಿತಾಂಶದಲ್ಲಿ. ಮನೆಯಲ್ಲಿ ಮುಂದಿನ ಮಾತು ಅಷ್ಟರೊಳಗೆ ಮುಗಿದೂ ಹೋಗಿರಬಹುದು. ಇನ್ನೊಂದು ಕಾರಣವೂ ಇದೆ. ಪ್ರಥಮ ಪಿಯುಸಿಗೆ ಆರಿಸಿಕೊಳ್ಳುವ ವಿಷಯಗಳ ಮೇಲೆ ಮುಂದೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚುತ್ತದೆ ಎಂಬುದು ನಿಂತಿದೆ. ಕಲಾ ವಿಭಾಗ ತೆಗೆದುಕೊಂಡವಳಿಗೆ ಎರಡು ವರ್ಷದ ನಂತರ ಎಂಜಿನಿಯರಿಂಗ್ ಕಾಲೇಜಿನ ಗೇಟು ಎಷ್ಟು ಚಂದ ಕಂಡರೂ ಉಪಯೋಗವಿಲ್ಲ. ಎಸ್ಎಸ್ಎಲ್‌ಸಿ ಆದಮೇಲೆ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರ ಎರಡನೇ ವರ್ಷದ ಬಿಇಗೆ ಹೋಗುವ ದಾರಿಯಿದೆ. ಪಿಯುಸಿ ವಿಜ್ಞಾನ ಸಿಗದ ಊರಿನ ಹುಡುಗಿಗೆ ಇದು ಚಿನ್ನದಂಥ ದಾರಿ. ಆದರೂ ಕ್ಯಾಂಪಸ್ ದರ್ಶನದ ಪಟ್ಟಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇರುವುದು ಅಪರೂಪ. ಎಲ್ಲರಿಗೂ ತೋರಿಸಬೇಕಾಗಿರುವುದು ಹೆಸರಾಂತ ಸಂಸ್ಥೆಗಳನ್ನು.

ಹೆಸರಾಂತ ಸಂಸ್ಥೆಗಳ ಮೇಲೆ ನನಗೆ ಕೋಪವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ‘ಓಪನ್ ಡೇ’ ನಡೆಸಿ ಎಲ್ಲರಿಗೂ ಬಾಗಿಲು ತೆರೆಯುವುದು ದೊಡ್ಡ ಕೆಲಸ. ಸಂಶೋಧನಾ ವಿದ್ಯಾರ್ಥಿಗಳು ತಾವೇ ನಿಂತು, ಬಂದ ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸುತ್ತಾರೆ. ಆದರೆ ಹುಡುಗಿಯರ ತಂಡ ಅಲ್ಲಿಗೆ ಹೋದಾಗ ಟಾಟಾ ಅವರ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಸಾಗುವ ಬದಲು ಒಂದು ಕತೆ ಹೇಳಬೇಕು. 1933ರಲ್ಲಿ ಮುಂಬೈಯಿಂದ ಬಂದ ಕಮಲಾ ಭಾಗವತ್ ಎಂಬ ಹುಡುಗಿಗೆ, ಹೆಣ್ಣು ಎಂಬ ಕಾರಣಕ್ಕೆ, ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಪ್ರವೇಶ ಕೊಡಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ ಕೇಂಬ್ರಿಡ್ಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ಆಮೇಲೆ ಹತ್ತು ವರ್ಷದ ಒಳಗೇ ನಮ್ಮ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ ಅದೇ ಸಂಸ್ಥೆಗೆ ಸೇರಿದರು, ಅಮೆರಿಕಕ್ಕೆ ಹೋಗಿ ಓದಿ, 1953ರಲ್ಲಿ ಹಿಂತಿರುಗಿ ಅಲ್ಲಿಯೇ ಅಧ್ಯಾಪಕರಾಗಿ ಮೈಕ್ರೋವೇವ್, ಆಂಟೆನಾಗಳ ಬಗ್ಗೆ ದಶಕಗಳ ಕಾಲ ಕಲಿಸಿದರು. ಈ ಅಂಗಳದಲ್ಲಿ ತಮ್ಮಂಥವರು ಬೇಡವಾಗಿದ್ದ ಕಾಲವೊಂದಿತ್ತು, ಅದನ್ನು ಬದಲಿಸಿದವರೂ ಹುಡುಗಿಯರೇ ಎಂದು ತಿಳಿದ ಮೇಲೆ ನಡೆಯುವ ನಡಿಗೆ ಬೇರೆಯೇ ಆಗಿರುತ್ತದೆ.

ಈಚಿನದನ್ನೂ ಹೇಳಬೇಕು. ಐಐಟಿಗಳು 2018ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿ, ಅವರ ಪಾಲನ್ನು ಶೇ 20ಕ್ಕೆ ಏರಿಸಲು ಹೊರಟವು. 2016ರಲ್ಲಿ ಶುರುವಾದ ಧಾರವಾಡದ ಐಐಟಿ ಈಗ ತನ್ನದೇ ಕ್ಯಾಂಪಸ್ಸಿನಲ್ಲಿದೆ. ಸುತ್ತಲಿನ ಹಳ್ಳಿಯ ಹುಡುಗಿಯರು ಆ ಕಂಪೌಂಡಿನ ಪಕ್ಕದಲ್ಲೇ ಬಸ್ಸಿನಲ್ಲಿ ಹಾದುಹೋಗುತ್ತಾರೆ.

ಕನ್ನಡ ಮಾಧ್ಯಮದ ಹಳ್ಳಿ ಹುಡುಗಿಗೆ ತನ್ನ ಬಳಿ ಏನಿಲ್ಲ ಎಂಬುದು ಚೆನ್ನಾಗಿ ಗೊತ್ತಿರುತ್ತದೆ; ಏನಿದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆಂದೇ ಸೀಟುಗಳಿವೆ. ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಬೆಳೆ, ಉಪಕರಣಗಳನ್ನು ಗುರುತಿಸಬೇಕು. ಹೆಸರು, ಮಡಕಿ, ಅಲಸಂದಿ, ಕುಸುಬಿ ಕಾಳುಗಳನ್ನು ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿ ಹೇಳಬಲ್ಲ, ಕೂರಿಗೆಗೂ ಎಡೆಕುಂಟೆಗೂ ಇರುವ ವ್ಯತ್ಯಾಸ ಬಲ್ಲ ಹುಡುಗಿಗೆ ಇದು ಅವಳ ಹೊಲದಲ್ಲೇ ನಡೆಯುವ ಪರೀಕ್ಷೆ. ಆದರೆ ಅಲ್ಲಿಯವರೆಗೆ ಬರಬೇಕಾದರೆ ಪಿಯುಸಿಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ಓದಿರಬೇಕು. ಪ್ರತಿವರ್ಷ ಧಾರವಾಡದ ಕೃಷಿ ಮೇಳಕ್ಕೆ ಶಾಲೆಗಳಿಂದ ಮಕ್ಕಳು ಸಾಲು ಸಾಲಾಗಿ ಬರುತ್ತಾರೆ, ಫಲಪುಷ್ಪ ನೋಡುತ್ತಾರೆ, ಕೀಟ ಪ್ರಪಂಚದ ಪ್ರದರ್ಶನದ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಇದೇ ಜಾಗದಲ್ಲಿ ನಿನಗೊಂದು ಸೀಟು ಇರಬಹುದು ಎಂದು ಹೇಳುವ ಒಂದು ಮಳಿಗೆ ಹುಡುಗಿಯರಿಗಾಗಿ ಇರಬೇಕೆಂದು ನನ್ನ ಆಸೆ.

ಯಾರನ್ನು ಕರೆದೊಯ್ಯುತ್ತಾರೆ ಎಂಬುದರ ಬಗ್ಗೆಯೂ ನನ್ನ ತಕರಾರು ಇದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2019–20ರಲ್ಲಿ ಶುರುಮಾಡಿದ ‘ವಿಜ್ಞಾನ ಜ್ಯೋತಿ’ ಒಳ್ಳೆಯ ಯೋಜನೆ. ಜವಾಹರ ನವೋದಯ ವಿದ್ಯಾಲಯಗಳನ್ನು ಕೇಂದ್ರ ಮಾಡಿಕೊಂಡು, ಒಂಬತ್ತರಿಂದ ಹನ್ನೆರಡನೇ ತರಗತಿಯ ಹುಡುಗಿಯರನ್ನು ಸಂಶೋಧನಾಲಯಗಳಿಗೆ ಕರೆದೊಯ್ಯುತ್ತದೆ, ಮಹಿಳಾ ವಿಜ್ಞಾನಿಗಳೊಂದಿಗೆ ಮಾತಾಡಿಸುತ್ತದೆ, ಪೋಷಕರನ್ನೂ ಕೂರಿಸಿಕೊಂಡು ಸಲಹೆ ಕೊಡುತ್ತದೆ. ಒಂದು ದಿನಕ್ಕೆ ಮುಗಿಯದೆ ವರ್ಷವಿಡೀ ನಡೆಯುವುದು, ಪೋಷಕರನ್ನು ಮರೆಯದಿರುವುದು, ಈ ಎರಡು ಗುಣಗಳನ್ನು ಉಳಿದವರೂ ಕಲಿಯಬೇಕು. ಆದರೆ ಅದು ಆರಿಸುವುದು ಪ್ರತಿಭಾವಂತ ಹುಡುಗಿಯರನ್ನು. ಅದನ್ನೇ ನೋಡಿ ಊರಿನ ಶಾಲೆಗಳೂ ‘ಮೊದಲ ಹತ್ತು ರ‍್ಯಾಂಕಿನವರು ಬನ್ನಿ’ ಎನ್ನುತ್ತವೆ. ಮೊದಲ ರ‍್ಯಾಂಕಿನವಳನ್ನು ಓದಿಸಲು ಊರೇ ಮುಂದೆ ಬರುತ್ತದೆ. ಸನ್ಮಾನ ಮಾಡುತ್ತಾರೆ, ಶುಲ್ಕ ಕಟ್ಟುತ್ತಾರೆ. ಶೇ 58 ತೆಗೆದವಳ ಮನೆಯಲ್ಲಿ ಜೂನ್ ತಿಂಗಳಲ್ಲಿ ಬೇರೆ ಮಾತು ಶುರುವಾಗಿರುತ್ತದೆ. ನೋಡಿ ಬರುವ ಅಗತ್ಯ ಹೆಚ್ಚು ಇರುವುದು ಅವಳಿಗೆ. ಅವಳಿಗೆ ಸಲ್ಲುವ ಶುಶ್ರೂಷೆ, ಜವಳಿ ವಿನ್ಯಾಸ, ಬಿ.ಕಾಂ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗಳನ್ನು ತೋರಿಸುವ ಪ್ರವಾಸ ಹೆಚ್ಚು ಬಡಾಯಿಯದೇನೂ ಆಗಲಾರದು, ಉಪಯೋಗದ್ದಂತೂ ಹೌದು.

ಖಾಸಗಿ ಪಿಯು ಕಾಲೇಜುಗಳು ತಾವೇ ಬಸ್ಸು ಕಳಿಸಿ, ಊಟ ಹಾಕಿ, ಕ್ಯಾಂಪಸ್ ತೋರಿಸಿ ಕಳಿಸುವುದನ್ನು ನಾನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಪ್ರವೇಶಾತಿಯ ಪ್ರಚಾರ. ಶಾಲೆಗಳು ಅದಕ್ಕೆ ಮಕ್ಕಳನ್ನು ಕಳಿಸಬಾರದು.

ಹುಡುಗಿಯರನ್ನು ಮಾತ್ರ ಯಾಕೆ, ಹುಡುಗರೇನು ಪಾಪ ಮಾಡಿದ್ದಾರೆ ಎಂದು ಕೇಳುವವರಿದ್ದಾರೆ. ಮಿಶ್ರ ತಂಡ ಯಂತ್ರದ ಮುಂದೆ ನಿಂತಾಗ ಗಮನಿಸಿ. ಮುಂದಿನ ಸಾಲು ಹುಡುಗರದು. ಗುಂಡಿ ಒತ್ತಿ ನೋಡು ಎಂದಾಗ ಚಾಚುವ ಕೈ ಹುಡುಗನದು. ಹುಡುಗಿಯರು ಹಿಂದೆ ನಿಂತು ಇಣುಕುತ್ತಾರೆ. ಹುಡುಗ ಪಟ್ಟಣಕ್ಕೆ ಸಂತೆಗೆಂದೋ ಕ್ರಿಕೆಟ್ಟಿಗೆಂದೋ ಹೋಗಿ ಬಂದಿರುತ್ತಾನೆ, ಬಸ್ ನಿಲ್ದಾಣದಲ್ಲಿ ಹೇಗೆ ವಿಚಾರಿಸಬೇಕೆಂದು ಬಲ್ಲ. ಹುಡುಗಿ ಜಾತ್ರೆಗೆ, ಮದುವೆಗೆ ಮನೆಯವರ ನಡುವೆ ಕೂತು ಹೋದವಳು. ಅವಳದೇ ತಂಡ, ಅವಳೇ ಮುಂದಿನ ಸಾಲು ಎಂಬ ಒಂದು ದಿನ ಅವಳಿಗೆ ಸಲ್ಲಬೇಕು.

ಹಾಗೆಂದ ಮೇಲೆ ಬಾಡಿಗೆ ಬಸ್ಸಿನ ಬಗ್ಗೆಯೂ ಒಂದು ಮಾತು. ಮಕ್ಕಳನ್ನು ಶಾಲೆಯ ಬಾಗಿಲಿನಲ್ಲಿ ಹತ್ತಿಸಿ ಕಾಲೇಜಿನ ಬಾಗಿಲಿನಲ್ಲಿ ಇಳಿಸಿದರೆ ನಡುವಿನ ದಾರಿ ಅವರಿಗೆ ಗೊತ್ತಾಗುವುದಿಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಓಡಾಡಬಹುದು. ತಂಡ ಚಿಕ್ಕದಿದ್ದರೆ ಕೆಂಪು ಬಸ್ಸಿನಲ್ಲೇ ಹೋಗಲಿ. ಎಲ್ಲಿ ಇಳಿಯಬೇಕು, ಎಲ್ಲಿ ಬದಲಿಸಬೇಕು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಮನೆಯಲ್ಲಿ ‘ದಾರಿ ನನಗ ಗೊತ್ತೈತಿ’ ಎಂದು ಹೇಳಬಲ್ಲ ಹುಡುಗಿಯ ಮಾತಿಗೆ ತೂಕ ಬರುತ್ತದೆ.

ಇದು ಶಿಕ್ಷಕರ ಮೇಲೆ ಎಂಥ ಹೊಣೆ ಹೊರಿಸುತ್ತದೆ ಎಂಬುದನ್ನು ಮರೆತು ಹೇಳುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಆ ಸುದ್ದಿ ಓದಿದ ಯಾವ ತಾಯಿಗೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗುವುದು ಸಹಜ. ಯಾವ ಮುಖ್ಯ ಶಿಕ್ಷಕಿಗೂ ಪ್ರವಾಸವೇ ಬೇಡ ಅನ್ನಿಸುವುದೂ ಸಹಜ. ಒಂದು ದಿನದ ಕ್ಯಾಂಪಸ್ ಭೇಟಿಯಲ್ಲಿ ಕಡಲಿಲ್ಲ, ಜಲಪಾತವಿಲ್ಲ, ರಾತ್ರಿ ಪ್ರಯಾಣವಿಲ್ಲ. ಶಾಲೆಗಳು ದೂರದ ಪ್ರವಾಸಕ್ಕೆ ಹಿಂಜರಿಯುವ ಈ ದಿನಗಳಲ್ಲಿ, ಬೆಳಿಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುವ ಇಂಥ ಭೇಟಿಯನ್ನು ಎಸ್‌ಡಿಎಂಸಿಯವರೆದುರು ಇಟ್ಟು ಒಪ್ಪಿಸುವುದು ಕಷ್ಟವಾಗಲಾರದು. ಮಹಿಳಾ ಶಿಕ್ಷಕರು ಸಾಲದಿದ್ದರೆ ಅದಕ್ಕೂ ಒಂದು ದಾರಿಯಿದೆ: ತಾಯಂದಿರು.

ತಾಯಂದಿರನ್ನು ಕರೆದುಕೊಂಡು ಹೋಗಬೇಕು. ಈ ಇಡೀ ಬರಹದಲ್ಲಿ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕೆಂದಿರುವ ಮಾತು ಇದು. ಮಗಳ ಓದಿನ ತೀರ್ಮಾನ ಆಗುವುದು ರಾತ್ರಿ ಊಟದ ಹೊತ್ತಿನಲ್ಲಿ. ಅಪ್ಪ ಹ್ಞೂಂ ಎನ್ನಲಿಕ್ಕೂ ಉಹೂಂ ಎನ್ನಲಿಕ್ಕೂ ಅವ್ವನ ಮುಖ ನೋಡುತ್ತಾನೆ, ಅಜ್ಜಿಯ ಮುಖ ನೋಡುತ್ತಾನೆ. ‘ನಾ ನೋಡಿ ಬಂದೀನಿ, ಗೇಟಿಗೆ ಹೆಣ್ಣಾಳ ಕುಂತಿರ್ತಾಳ, ಊಟ ಛೊಲೊ ಐತಿ’ ಎಂದು ಅವ್ವ ಹೇಳಿದರೆ ಅದಕ್ಕೆ ಎದುರು ಮಾತಿಲ್ಲ. ಬಸ್ಸಿನ ಖರ್ಚು ಈಗ ಅವರಿಗಿಲ್ಲ. ಕೂಲಿ ತಪ್ಪುತ್ತದೆ ಎಂಬುದು ನಿಜವಾದ ಅಡ್ಡಿ, ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಹೊಲದ ಕೆಲಸ ಅಂದು ಕಡಿಮೆ. ಕಾಲೇಜುಗಳು ಸೋಮವಾರ ತೆರೆದಿರುತ್ತವೆ. ದಿನ ಗೊತ್ತು ಮಾಡುವಾಗ ಕಾಲೇಜಿನವರ ಅನುಕೂಲದಷ್ಟೇ ಇದನ್ನೂ ನೋಡಿದರೆ ಬರುವವರ ಸಂಖ್ಯೆ ಬದಲಾಗುತ್ತದೆ. ಬಂದ ತಾಯಂದಿರನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿಸದೆ ಹಾಸ್ಟೆಲ್ಲಿನ ಅಡುಗೆ ಮನೆಗೆ, ವಾರ್ಡನ್ ಕೋಣೆಗೆ ಕರೆದೊಯ್ಯಬೇಕು. ಅಡುಗೆಯವರ ಜೊತೆ ಅವರು ಆಡುವ ಮಾತೇ ಅವರ ಪರಿಶೀಲನೆ.

ಇಷ್ಟೆಲ್ಲ ಮಾಡಿದರೂ ಈ ಪ್ರವಾಸ ತಲುಪದ ಹುಡುಗಿಯರು ಉಳಿಯುತ್ತಾರೆ. ಒಪ್ಪಿಗೆ ಪತ್ರ ತಂದುಕೊಡದವರು. ‘ಮನ್ಯಾಗ ಬ್ಯಾಡಂದ್ರು ಟೀಚರ್’ ಎಂದು ತಲೆ ತಗ್ಗಿಸಿ ಹೇಳಿ, ಉಳಿದವರು ಬಸ್ ಹತ್ತುವ ದಿನ ಶಾಲೆಗೂ ಬಾರದೆ ಉಳಿದವರು. ಹತ್ತನೆಯದರ ನಂತರ ಓದು ನಿಲ್ಲುವ ಸಂಭವ ಹೆಚ್ಚಿರುವುದು ಅವರದೇ. ಅವರನ್ನು ಕ್ಯಾಂಪಸ್ಸಿಗೆ ಕರೆತರಲಾಗದಿದ್ದರೆ ಕ್ಯಾಂಪಸ್ಸೇ ಅವರ ಮನೆಗೆ ಹೋಗಬೇಕು. ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಪ್ರತಿವರ್ಷ ಏಳು ದಿನದ ವಿಶೇಷ ಶಿಬಿರಕ್ಕೆ ಹಳ್ಳಿಗಳಿಗೆ ಬರುತ್ತವೆ. ರಸ್ತೆ ಗುಡಿಸುತ್ತಾರೆ, ಸಸಿ ನೆಡುತ್ತಾರೆ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ಮಾಡುತ್ತಾರೆ. ಆ ಏಳು ಸಂಜೆಗಳಲ್ಲಿ ಒಂದನ್ನು ಬಿಟ್ಟುಕೊಟ್ಟು, ಹಾಸ್ಟೆಲ್ಲಿನಲ್ಲಿದ್ದು ಓದುವ ಇಬ್ಬಿಬ್ಬರು ವಿದ್ಯಾರ್ಥಿನಿಯರು ಊರಿನ ಶಿಕ್ಷಕಿಯ ಜೊತೆ ಆ ಮನೆಗಳಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಅವ್ವ ಅಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬರಲಿ. ಯಾರ ಮನೆಗೆ ಹೋಗಬೇಕು ಎಂದು ಹುಡುಕಬೇಕಾಗಿಲ್ಲ. ಒಪ್ಪಿಗೆ ಪತ್ರ ಬಾರದವರ ಪಟ್ಟಿ ತರಗತಿ ಶಿಕ್ಷಕರ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತಾರೆ.